ಎನ್‌ಸಿವಿಒ ಸದಸ್ಯತ್ವ ಕಡ್ಡಾಯವೇ?

ನಮಸ್ಕಾರ. ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ನಿಮ್ಮ ಗುಂಪು ಎನ್‌ಸಿವಿಒಗೆ (ನ್ಯಾಷನಲ್ ಕೌನ್ಸಿಲ್ ಫಾರ್ ವಾಲಂಟರಿ ಆರ್ಗನೈಸೇಷನ್ಸ್, ಅಲ್ಲಿನ ಸ್ವಯಂಸೇವಾ ಸಂಸ್ಥೆಗಳ ಒಕ್ಕೂಟ) ಸೇರಲೇಬೇಕೇ ಎಂದು ಕೇಳಿದ್ದೀರಿ. ಕಡ್ಡಾಯವೇನಲ್ಲ. ದತ್ತಿ ಸಂಸ್ಥೆಗಳ ನೋಂದಣಿ, ಮೇಲ್ವಿಚಾರಣೆ ಎಲ್ಲ ಚಾರಿಟಿ ಕಮಿಷನ್ ಎಂಬ ಸರ್ಕಾರಿ ಸಂಸ್ಥೆಯ ಕೆಲಸ. ವರ್ಷದ ಆದಾಯ 5,000 ಪೌಂಡ್ ದಾಟಿದರೆ ಸಾಮಾನ್ಯವಾಗಿ ಅಲ್ಲಿ ನೋಂದಾಯಿಸಬೇಕು. 1919ರಲ್ಲಿ ಶುರುವಾದ ಎನ್‌ಸಿವಿಒ ಸರ್ಕಾರಿ ಇಲಾಖೆಯಲ್ಲ, ಸಂಘಸಂಸ್ಥೆಗಳೇ ಸದಸ್ಯರಾಗಿರುವ ಒಕ್ಕೂಟ. ನಿಯಮ ಬದಲಾಗುವಾಗ ಸಣ್ಣ ಸಂಘಗಳ ಪರವಾಗಿಯೂ ಸರ್ಕಾರದ ಮುಂದೆ ದನಿ ಎತ್ತುತ್ತದೆ. ನನ್ನ ಪ್ರಕಾರ ಇದೇ ಅದರ ದೊಡ್ಡ ಪ್ರಯೋಜನ. ಅನುದಾನ ಸಿಗುತ್ತದೆಂದು ಮಾತ್ರ ಸೇರಬೇಡಿ, ಅದರ ಮುಖ್ಯ ಕೆಲಸ ಹಣ ಹಂಚುವುದಲ್ಲ. ಟ್ರಸ್ಟಿಗಳ ಹೊಣೆ, ಸ್ವಯಂಸೇವಕರ ಖರ್ಚು ಕೊಡುವ ರೀತಿ, ಮಕ್ಕಳ ಸುರಕ್ಷತೆ ಕುರಿತು ಅವರ ಮಾರ್ಗದರ್ಶನ ಚೆನ್ನಾಗಿದೆ. ಪಾಠ ಶುರುಮಾಡುವ ಮುನ್ನ ಕೊನೆಯದನ್ನು ದಯವಿಟ್ಟು ಎಲ್ಲ ಶಿಕ್ಷಕರೂ ಓದಿ. ಸ್ಕಾಟ್ಲೆಂಡಿನವರಾದರೆ ಅಲ್ಲಿನ ಇಂಥದೇ ಒಕ್ಕೂಟ ಎಸ್‌ಸಿವಿಒ ನೋಡಿ.