ಕಂಪ್ಯೂಟರ್‌ಗೆ ಉಸಿರು ಕಟ್ಟಲ್ಲ

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು, ಪಿಯಾನೋ ಕಲೀತಾಳೆ. ಈಗ ಶಾಲೆಯಿಂದ ಬಂದವಳೇ ಲ್ಯಾಪ್‌ಟಾಪಿನಲ್ಲಿ ತಾನೇ ಸಂಗೀತ ಬರೆಯೋಕೆ ಕೂರುತ್ತಾಳೆ. ಒಂಚೂರು ಇಂಪಾಗಿರಲಿ ಅಂದರೆ 'ಇದು ಈಗಿನ ಕಾಲದ ಕ್ಲಾಸಿಕಲ್, ಅಮ್ಮಾ' ಅಂತಾಳೆ. ನನಗಂತೂ ಕಿವಿಗೆ ಬಡಿದ ಹಾಗಿರುತ್ತೆ. ಏನು ಮಾಡಲಿ?
– ಒಬ್ಬ ತಾಯಿ, ಮೈಸೂರು

ಉತ್ತರ: ಬಡಿಯಲಿ ಬಿಡಿ, ಈ ವಯಸ್ಸಲ್ಲಿ ಬಡಿಯದೆ ಇನ್ಯಾವಾಗ? ಒಂದು ಮಾತ್ರ ವಿಚಾರಿಸಿ. ಅವಳು ಬರೆದದ್ದನ್ನು ಮನುಷ್ಯರು ಯಾರಾದರೂ ನುಡಿಸಿದ್ದಾರಾ, ಇಲ್ಲ ಬರೀ ಕಂಪ್ಯೂಟರಾ? ನನ್ನ ಹತ್ತಿರ ಬರುವ ಹುಡುಗನೊಬ್ಬ ಫ್ಲೂಟಿಗೆ ಅಂತ ಹನ್ನೆರಡು ಬಾರ್ (ನಮ್ಮ ತಾಳದ ಆವರ್ತನದ ಹಾಗೆ) ಉದ್ದದ ಒಂದೇ ಎಳೆ ಬರೆದು ತಂದಿದ್ದ, ನಡುವೆ ಉಸಿರಿಗೆ ಜಾಗವೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಸೊಗಸಾಗಿತ್ತು. ನುಡಿಸೋ ಹುಡುಗಿ ಏಳನೇ ಬಾರ್‌ಗೆ ಮುಖ ಕೆಂಪಗಾಗಿ ನಿಲ್ಲಿಸಿ ನಕ್ಕುಬಿಟ್ಟಳು. ಮುಂದಿನ ವಾರ ಅವನ ಹಾಳೆಯಲ್ಲಿ ಮೂರು ಕಡೆ ಪುಟ್ಟ ಅಲ್ಪವಿರಾಮ ಬಂದಿತ್ತು. ಉಸಿರಿನ ಗುರುತು ಅದು.

ಇಂಗ್ಲೆಂಡಿನ ಹೆಸರಾಂತ ಸಂಗೀತಕಾರ ಬೆಂಜಮಿನ್ ಬ್ರಿಟನ್ ಹದಿನಾಲ್ಕಕ್ಕೆ, 1928ರಲ್ಲಿ, ನಾಲ್ಕು ಫ್ರೆಂಚ್ ಕವಿತೆಗಳನ್ನು ಗಾಯಕಿ ಮತ್ತು ಆರ್ಕೆಸ್ಟ್ರಾಗೆ ಹೊಂದಿಸಿ ಅಪ್ಪ ಅಮ್ಮನ ಮದುವೆ ದಿನಕ್ಕೆ ಉಡುಗೊರೆ ಕೊಟ್ಟ. ಜನ ಅದನ್ನು ಕೇಳಿದ್ದು 1980ರಲ್ಲಿ, ಅವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು! ಆದರೆ 1930ರಲ್ಲಿ, ಹದಿನಾರು ವಯಸ್ಸು, ಗ್ರೆಶಮ್ಸ್ ಶಾಲೆಯ ಸಿಕ್‌ರೂಮಿನಲ್ಲಿ ಮಲಗಿದ್ದವನು 'ಎ ಹಿಮ್ ಟು ದ ವರ್ಜಿನ್' ಅಂತ ಮೇರಿ ಮಾತೆಯ ಮೂರು ನಿಮಿಷದ ಸ್ತುತಿಗೀತೆಯೊಂದು ಬರೆದ. ವಾದ್ಯವೇ ಇಲ್ಲ, ಒಂದು ತಂಡ ಇಂಗ್ಲಿಷ್ ಸಾಲು ಹಾಡುತ್ತೆ, ಇನ್ನೊಂದು ಪುಟ್ಟ ತಂಡ ದೂರದಿಂದ ಲ್ಯಾಟಿನ್ನಿನಲ್ಲಿ ಓಗೊಡುತ್ತೆ. ಆರೇ ತಿಂಗಳಿಗೆ ಅವನೂರು ಲೋಸ್ಟಾಫ್ಟಿನ ಚರ್ಚಿನಲ್ಲಿ ಹಾಡಿದರು. ಕೊನೆಗೆ ಅವನ ಅಂತ್ಯಸಂಸ್ಕಾರದಲ್ಲೂ ಹಾಡಿದರು.

ಇನ್ನು ಕಿವಿಗೆ ಬಡಿಯೋ ವಿಚಾರ. ಬ್ರಿಟನ್‌ನ ಗುರು ಫ್ರಾಂಕ್ ಬ್ರಿಡ್ಜ್. ಹುಡುಗ ಬರೆದ ಒಂದೊಂದು ತುಣುಕನ್ನೂ ಪಿಯಾನೋದಲ್ಲಿ ನಿಧಾನಕ್ಕೆ ನುಡಿಸಿ, ನಿನ್ನ ಮನಸ್ಸಿನಲ್ಲಿದ್ದದ್ದು ಇದೇನಾ ಅಂತ ಕೇಳುತ್ತಿದ್ದರಂತೆ. ಬೆಳಿಗ್ಗೆ ಹತ್ತೂವರೆಗೆ ಶುರುವಾದ ಪಾಠ ಒಮ್ಮೆ ಸಂಜೆ ಟೀ ಹೊತ್ತಾದರೂ ಮುಗಿದಿರಲಿಲ್ಲ, ಅವರ ಹೆಂಡತಿಯೇ ಬಂದು ಹುಡುಗನಿಗೆ ಸ್ವಲ್ಪ ಬಿಡುವು ಕೊಡಿ ಅನ್ನಬೇಕಾಯಿತು. ನೀವೂ ಹಾಗೇ ಕೇಳಿ. ಇಂಪಾಗಿದೆಯಾ ಅಂತಲ್ಲ, ಇದೇ ಬೇಕಿತ್ತಾ ಅಂತ. ಹೌದು ಅಂದರೆ ಸುಮ್ನೆ ಇದ್ದುಬಿಡಿ.

ಶಾಲೆಯಲ್ಲಿ ಏನಿದೆಯೋ ಅದಕ್ಕೇ ಬರೆಯಲಿ. ಎರಡು ವಯೊಲಿನ್, ಒಂದು ಕೀಬೋರ್ಡ್, ಪ್ರಾರ್ಥನೆ ಹಾಡೋ ಎಂಟು ಮಕ್ಕಳು ಸಿಕ್ಕರೆ ಅದೇ ಆರ್ಕೆಸ್ಟ್ರಾ. ಹಳೇ ನೋಟ್‌ಬುಕ್ ಮಾತ್ರ ರದ್ದಿಗೆ ಹಾಕಬೇಡಿ. ಬ್ರಿಟನ್ ಒಂಬತ್ತರಿಂದ ಹನ್ನೆರಡು ವಯಸ್ಸಿನಲ್ಲಿ ಗೀಚಿದ್ದ ರಾಗಗಳನ್ನೇ ತಗೊಂಡು ಇಪ್ಪತ್ತಕ್ಕೆ 'ಸಿಂಪಲ್ ಸಿಂಫನಿ' ಮಾಡಿದ. ಇವತ್ತು ಶಾಲಾ ಮಕ್ಕಳು ಜಾಸ್ತಿ ನುಡಿಸೋ ಅವನ ಕೃತಿಗಳಲ್ಲಿ ಅದೂ ಒಂದು.

ಪ್ರಶ್ನೆ: ಪಾಶ್ಚಾತ್ಯ ಸಂಗೀತ ಬರೆಯೋಕೆ ಬಿದ್ದರೆ ಕರ್ನಾಟಕ ಸಂಗೀತ ಬಿಡಬೇಕಾ?
– ವಿದ್ಯಾರ್ಥಿ, ಹಾಸನ

ಉತ್ತರ: ಜಯಚಾಮರಾಜ ಒಡೆಯರ್ ಬಿಟ್ಟರಾ? ಪಿಯಾನೋ ಕಲಿತು ಲಂಡನ್ನಿನ ಪರೀಕ್ಷೆ ಪಾಸು ಮಾಡಿದರು, 1950ರಲ್ಲಿ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳ ಮೊದಲ ಕಛೇರಿಗೆ ಲಂಡನ್ನಿನಲ್ಲಿ ದುಡ್ಡು ಹಾಕಿದರು, ಇತ್ತ ಕರ್ನಾಟಕ ಸಂಗೀತದ 94 ಕೃತಿಗಳನ್ನೂ ರಚಿಸಿದರು. ನೀವು ಅಂದಿನ ಸಾಧನೆ ಅಂದೇ ಮುಗಿಸಿ, ಆಮೇಲೆ ಬರೆಯೋಕೆ ಕೂತುಕೊಳ್ಳಿ.