ಎಡಕ್ಕೊಬ್ಬರು, ಬಲಕ್ಕೊಬ್ಬರು ಕೂತರೆ ಸಾಕೇ?

ಪ್ರಿಯ ಓದುಗರೇ,

ಯೂಟ್ಯೂಬ್‌ನಲ್ಲಿ ಬರುವ ಅಮೆರಿಕದ ಸುದ್ದಿಚರ್ಚೆ ‘ಬ್ರೇಕಿಂಗ್ ಪಾಯಿಂಟ್ಸ್’ ಕಾರ್ಯಕ್ರಮವನ್ನು ಎರಡು ವರ್ಷದಿಂದ ತಪ್ಪದೆ ನೋಡುತ್ತಿದ್ದೇನೆ ಎಂದು ಬರೆದಿದ್ದೀರಿ. ಎಡಪಂಥದ ಕ್ರಿಸ್ಟಲ್ ಬಾಲ್, ಬಲಪಂಥದ ಸಾಗರ್ ಎಂಜೇಟಿ ಒಂದೇ ಮೇಜಿಗೆ ಕೂತು ಮಾತಾಡುವಾಗ ಎರಡೂ ಕಡೆಯ ವಾದ ಸಿಕ್ಕೇ ಸಿಗುತ್ತದೆ, ಇನ್ನು ಪತ್ರಿಕೆ ಯಾಕೆ, ಟಿವಿ ಯಾಕೆ ಎಂಬುದು ನಿಮ್ಮ ಪ್ರಶ್ನೆ. ಈ ಪ್ರಶ್ನೆ ನನ್ನನ್ನೂ ಬಹಳ ದಿನದಿಂದ ಕಾಡುತ್ತಿದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾದೀತು.

ಆ ಕಾರ್ಯಕ್ರಮ ನನಗೂ ಇಷ್ಟ. ಇಬ್ಬರೂ ‘ದಿ ಹಿಲ್’ ಎಂಬ ಸುದ್ದಿಸಂಸ್ಥೆಗಾಗಿ ‘ರೈಸಿಂಗ್’ ಎಂಬ ಚರ್ಚಾ ಕಾರ್ಯಕ್ರಮ ನಡೆಸುತ್ತಿದ್ದವರು. 2021ರಲ್ಲಿ ಅದನ್ನು ಬಿಟ್ಟು, ನೋಡುಗರ ಚಂದಾವನ್ನೇ ನೆಚ್ಚಿಕೊಂಡು ಸ್ವಂತವಾಗಿ ನಿಂತರು. ಹಳೆಯ ಟಿವಿ ಜಗಳಗಳನ್ನು ಕಂಡವರಿಗೆ ಇದೆಷ್ಟು ಹಿತ ಎಂದು ಗೊತ್ತು. 1982ರಲ್ಲಿ ಶುರುವಾದ ಸಿಎನ್‌ಎನ್‌ನ ‘ಕ್ರಾಸ್‌ಫೈರ್’ನಲ್ಲೂ ಎಡಕ್ಕೊಬ್ಬರು, ಬಲಕ್ಕೊಬ್ಬರು ಇರುತ್ತಿದ್ದರು. 2004ರ ಅಕ್ಟೋಬರ್‌ನಲ್ಲಿ ಹಾಸ್ಯಗಾರ ಜಾನ್ ಸ್ಟುವರ್ಟ್ ಅಲ್ಲಿಗೆ ಅತಿಥಿಯಾಗಿ ಬಂದರು. ನಗಿಸುತ್ತಾರೆಂದು ಕಾದಿದ್ದ ನಿರೂಪಕರಾದ ಟಕರ್ ಕಾರ್ಲ್‌ಸನ್, ಪಾಲ್ ಬೆಗಾಲಾ ಇಬ್ಬರ ಮುಖಕ್ಕೇ, ನೀವು ಮಾಡುತ್ತಿರುವುದು ಚರ್ಚೆಯಲ್ಲ ನಾಟಕ, ಇದರಿಂದ ದೇಶಕ್ಕೆ ಕೇಡು, ನಿಲ್ಲಿಸಿ ಎಂದುಬಿಟ್ಟರು. ತಮಾಷೆ ಮಾಡಿ ಎಂದು ಒತ್ತಾಯಿಸಿದರೂ ಮಾಡಲಿಲ್ಲ. ಮುಂದಿನ ಜನವರಿಯಲ್ಲಿ ವಾಹಿನಿ ಆ ಕಾರ್ಯಕ್ರಮವನ್ನು ಕೈಬಿಡುವುದಾಗಿ ಹೇಳಿತು.

ಫಾಕ್ಸ್ ನ್ಯೂಸ್ ವಾಹಿನಿಯ ‘ಹ್ಯಾನಿಟಿ ಆ್ಯಂಡ್ ಕೋಮ್ಸ್’ ಕಥೆ ನನಗೆ ಇನ್ನೂ ಬೇಸರದ್ದು. 1996ರಿಂದ ಬಲಕ್ಕೆ ಶಾನ್ ಹ್ಯಾನಿಟಿ, ಎಡಕ್ಕೆ ಆ್ಯಲನ್ ಕೋಮ್ಸ್. 2009ರ ಜನವರಿಯಲ್ಲಿ ಕೋಮ್ಸ್ ಹೊರಟರು. ಅದೇ ಹೊತ್ತಿಗೆ ‘ಹ್ಯಾನಿಟಿ’ ಎಂಬ ಹೆಸರಿನಲ್ಲಿ ಪ್ರಸಾರ ಸಲೀಸಾಗಿ ಮುಂದುವರಿಯಿತು. ಒಂದು ಕುರ್ಚಿ ತೆಗೆದರೂ ಕಾರ್ಯಕ್ರಮ ಅಲುಗಾಡಲಿಲ್ಲ ಎಂದರೆ, ಆ ಕುರ್ಚಿಗೆ ಇದ್ದ ತೂಕವಾದರೂ ಎಷ್ಟು?

ಹಾಗಾಗಿ ಕುರ್ಚಿ ಎಣಿಸುವುದನ್ನು ನಾನು ಬಿಟ್ಟಿದ್ದೇನೆ. ಇಬ್ಬರೂ ತಕರಾರಿಲ್ಲದೆ ಒಪ್ಪುವುದು ಯಾವುದನ್ನು ಎಂದು ನೋಡುತ್ತೇನೆ. ವಲಸೆಯ ವಿಷಯ ಬಂದಾಗ ಬಾಲ್ ಮತ್ತು ಎಂಜೇಟಿ ನಿಜಕ್ಕೂ ಎದುರುಬದುರು; ಅಲ್ಲಿ ನಮಗೆ ಕಲಿಯುವುದಕ್ಕೆ ಸಿಗುತ್ತದೆ. ಆದರೆ ದೊಡ್ಡ ಕಂಪನಿಗಳು, ಇರಾಕ್ ಯುದ್ಧ, ದೊಡ್ಡ ಮಾಧ್ಯಮ ಸಂಸ್ಥೆಗಳು ಎಂದ ಕೂಡಲೇ ಇಬ್ಬರ ಸಿಟ್ಟೂ ಒಂದೇ ದಿಕ್ಕಿಗೆ ಹರಿಯುತ್ತದೆ. ಆ ಸಿಟ್ಟು ತಪ್ಪು ಎನ್ನುತ್ತಿಲ್ಲ, ಎಷ್ಟೋ ಸಲ ನನ್ನದೂ ಅದೇ. ಆದರೆ ಎರಡೂ ಪಕ್ಷಗಳ ನಡುಮಧ್ಯದ, ವ್ಯವಸ್ಥೆಯನ್ನು ಬಹುಪಾಲು ಒಪ್ಪುವ ಮತದಾರರ ಪರವಾಗಿ ಮಾತಾಡುವವರು ಆ ಮೇಜಿನಲ್ಲಿ ಯಾರೂ ಇಲ್ಲ. ಎಡವೂ ಬಲವೂ ಒಂದೇ ಮಾತು ಹೇಳಿದಾಗ ನಾವು ಅದನ್ನು ಪ್ರಶ್ನಿಸದೆ ನುಂಗಿಬಿಡುತ್ತೇವೆ. ನನ್ನ ಭಯವೆಲ್ಲ ಅದೇ.

ಬ್ರಿಟನ್‌ನ ‘ದಿ ರೆಸ್ಟ್ ಈಸ್ ಪಾಲಿಟಿಕ್ಸ್’ ಪಾಡ್‌ಕಾಸ್ಟ್ ಕೂಡ ಹೀಗೇ. 2022ರಲ್ಲಿ ಶುರುವಾದದ್ದು. ಒಬ್ಬರು ಲೇಬರ್ ಪಕ್ಷದ ಪ್ರಧಾನಿಯಾಗಿದ್ದ ಟೋನಿ ಬ್ಲೇರ್ ಅವರ ಸಂಪರ್ಕ ನಿರ್ದೇಶಕರಾಗಿದ್ದ ಅಲಿಸ್ಟರ್ ಕ್ಯಾಂಪ್‌ಬೆಲ್, ಇನ್ನೊಬ್ಬರು ಕನ್ಸರ್ವೇಟಿವ್ ಸಚಿವರಾಗಿದ್ದ ರೋರಿ ಸ್ಟುವರ್ಟ್. 2019ರಲ್ಲಿ ಕ್ಯಾಂಪ್‌ಬೆಲ್‌ರನ್ನು ಲೇಬರ್ ಪಕ್ಷ ಉಚ್ಚಾಟಿಸಿತ್ತು. ಅದೇ ವರ್ಷ ಸ್ಟುವರ್ಟ್‌ರನ್ನು ಕನ್ಸರ್ವೇಟಿವ್ ಪಕ್ಷ ತನ್ನ ಸಂಸದೀಯ ಬಣದಿಂದ ಹೊರಗಿಟ್ಟಿತ್ತು. ತಂತಮ್ಮ ಮನೆಯಿಂದ ಹೊರಬಿದ್ದ ಇಬ್ಬರು ಅಂಗಳದಲ್ಲಿ ಸೌಜನ್ಯದಿಂದ ಮಾತಾಡುವುದು ಕೇಳಲು ಚೆನ್ನ. ಮನೆಯೊಳಗಿನ ಸದ್ದು ಮಾತ್ರ ಅಲ್ಲಿ ಕಡಿಮೆ.

ಆದರೂ ಅಲ್ಲಿ ನನಗೆ ಮೆಚ್ಚುಗೆಯಾದ ಒಂದು ಸಂಗತಿ ಇದೆ. 2024ರ ಅಮೆರಿಕದ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ಸುಲಭವಾಗಿ ಗೆಲ್ಲುತ್ತಾರೆಂದು ರೋರಿ ಸ್ಟುವರ್ಟ್ ಘಂಟಾಘೋಷವಾಗಿ ಹೇಳಿದ್ದರು. ಫಲಿತಾಂಶ ಬಂದ ಮೇಲೆ, ನಾನು ಪೂರ್ತಿ ತಪ್ಪಿದೆ ಎಂದು ಬಹಿರಂಗವಾಗಿಯೇ ಒಪ್ಪಿಕೊಂಡರು. ತನ್ನವರ ಎದುರು ತನ್ನ ತಪ್ಪು ಒಪ್ಪುವ ನಿರೂಪಕರು ಸಿಕ್ಕರೆ ನಾನು ಇನ್ನೂ ಹತ್ತು ಸಂಚಿಕೆ ಕೇಳುತ್ತೇನೆ.

ಜಾಹೀರಾತುದಾರರ ಹಂಗಿಲ್ಲ ಎಂದು ನೀವು ಹೊಗಳಿದ್ದೀರಿ. ಚಂದಾದಾರರ ಹಂಗು ಇರುತ್ತದಲ್ಲ? ತಿಂಗಳಿಗೊಮ್ಮೆ ದುಡ್ಡು ಕೊಡುವವರಿಗೆ ರುಚಿಸದ್ದನ್ನು ಹೇಳುವುದು ಕಷ್ಟ. ಪತ್ರಿಕೆ ನಡೆಸುವ ನನಗೆ ಅದು ಚೆನ್ನಾಗಿ ಗೊತ್ತು. ಜೊತೆಗೆ ಯೂಟ್ಯೂಬ್‌ನಲ್ಲಿ ಪೂರ್ತಿ ಮಾತು ಕೂತು ಕೇಳುವವರು ಎಷ್ಟು ಮಂದಿ? ತುಂಡು ತುಂಡಾಗಿ ಬರುತ್ತದೆ, ನಮಗೆ ಬೇಕಾದ ತುಂಡನ್ನು ಒತ್ತುತ್ತೇವೆ. ಇಬ್ಬರು ಕೂತು ಮಾತಾಡಿದ್ದರಲ್ಲಿ ಒಬ್ಬರದ್ದಷ್ಟೇ ನಮ್ಮ ಕಿವಿಗೆ ಬೀಳುತ್ತದೆ.

ಇನ್ನು ಪತ್ರಿಕೆ ಯಾಕೆ ಎಂಬುದಕ್ಕೆ. ಮುಂದಿನ ಸಲ ‘ಬ್ರೇಕಿಂಗ್ ಪಾಯಿಂಟ್ಸ್’ ನೋಡುವಾಗ ಮಾತಿನ ನಡುವೆ ಪರದೆಯ ಮೇಲೆ ಏನು ಬರುತ್ತದೆ ಗಮನಿಸಿ. ಬಹಳಷ್ಟು ಸಲ ಅದು ಯಾವುದೋ ಪತ್ರಿಕೆಯದೋ ಸುದ್ದಿಸಂಸ್ಥೆಯದೋ ವರದಿ. ಯಾರೋ ಒಬ್ಬ ವರದಿಗಾರ ಹತ್ತು ಜನರಿಗೆ ಫೋನ್ ಮಾಡಿ, ಕಡತ ಹುಡುಕಿ, ಕಚೇರಿ ಬಾಗಿಲಲ್ಲಿ ಕಾದು ತಂದದ್ದು. ನಿರೂಪಕರು ಅದರ ನಾಲ್ಕು ಸಾಲು ಓದಿ, ಮೇಲೆ ಹದಿನೈದು ನಿಮಿಷ ಮಾತಾಡುತ್ತಾರೆ. ಆ ವರದಿಗಾರನ ಸಂಬಳ ನಿಂತರೆ ಮೇಜಿನ ಮೇಲೆ ಇಡಲು ಏನೂ ಉಳಿಯುವುದಿಲ್ಲ.

ಕಾರ್ಯಕ್ರಮ ಬಿಡಬೇಡಿ. ಪರದೆ ಮೇಲೆ ಬಂದ ಒಂದು ವರದಿಯನ್ನಾದರೂ ಹುಡುಕಿ, ಮೊದಲಿನಿಂದ ಕೊನೆಯವರೆಗೆ ಓದಿ. ಅವರಿಬ್ಬರೂ ಓದದೆ ಬಿಟ್ಟ ಪ್ಯಾರಾ ಯಾವುದು ಎಂದು ನನಗೆ ಬರೆಯಿರಿ. ಈ ಅಂಕಣದಲ್ಲೇ ಹಾಕುತ್ತೇನೆ.

– ಸಂಪಾದಕ