'ಓಂ' ನೋಡಿ ಶಾರ್ಟ್ ಫಿಲಂ ಮಾಡುವವರಿಗೆ

ನಮಸ್ಕಾರ ಸರ್. ಮೈಸೂರಿನ ಪುಂಡು ಹುಡುಗರ ಮೇಲೆ ಹದಿನೈದು ನಿಮಿಷದ ಶಾರ್ಟ್ ಫಿಲಂ ಮಾಡುತ್ತಿದ್ದೀರಿ, 'ಓಂ' ಸಿನಿಮಾ ತರಹ ಕಥೆ ಹಿಂದೆ ಮುಂದೆ ಮಾಡಬೇಕು, ಲಾಂಗು (ರೌಡಿಗಳ ಉದ್ದನೆ ಮಚ್ಚು) ಎಲ್ಲಿ ಸಿಗುತ್ತೆ ಅಂತ ಕೇಳಿದ್ದೀರಿ. ಲಾಂಗು ಆಮೇಲೆ, ಮೊದಲು ಕಥೆ.

1995ರಲ್ಲಿ ಉಪೇಂದ್ರ 'ಓಂ' ಮಾಡಿದಾಗ ಫ್ಲ್ಯಾಶ್‌ಬ್ಯಾಕ್ ಏನೂ ಹೊಸದಲ್ಲ. ಅದನ್ನು ಇಟ್ಟ ಜಾಗ ನೋಡಿ. ಶಿವರಾಜ್‌ಕುಮಾರ್ ಮಾಡಿದ ಸತ್ಯ ನಮಗೆ ಮೊದಲು ಸಿಗೋದೇ ರೌಡಿಯಾಗಿ. ಪ್ರೇಮಾ ಅವರ ಪಾತ್ರವನ್ನು ಬೆನ್ನು ಹತ್ತಿ ಕಾಡುತ್ತಾನೆ, ನಮಗೆ ಸಿಟ್ಟು ಬರುತ್ತೆ. ಅರ್ಚಕರ ಮಗ ಹೀಗೇಕಾದ ಅನ್ನೋದು ತಿಳಿಯೋದು ಆಮೇಲೆ. ಅಷ್ಟರಲ್ಲಿ ಆ ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ಗೊತ್ತಾಗಲ್ಲ! ಇದನ್ನೇ ಮೊದಲಿಂದ ಸಾಲಾಗಿ ಹೇಳಿದ್ದರೆ ಒಳ್ಳೆ ಹುಡುಗ ಕೆಟ್ಟುಹೋದ ಮಾಮೂಲಿ ಕಥೆ ಆಗುತ್ತಿತ್ತು, ಅಲ್ವಾ?

ಹಾಗಾಗಿ ನೀವು ಮೊದಲು ಕಥೆಯನ್ನು ನೇರವಾಗಿ ಬರೆದುಕೊಳ್ಳಿ. ಯಾವ ವಿಷಯ ಮೊದಲೇ ಗೊತ್ತಿದ್ದರೆ ಜನ ಹುಡುಗನನ್ನು ಕ್ಷಮಿಸಿಬಿಡುತ್ತಾರೋ ಅದೊಂದನ್ನು ಮುಚ್ಚಿಡಿ. ಹದಿನೈದು ನಿಮಿಷಕ್ಕೆ ಒಂದು ಫ್ಲ್ಯಾಶ್‌ಬ್ಯಾಕ್ ಸಾಕು. ಸುಮ್ನೆ ಸ್ಟೈಲಿಗೆ ಅಂತ ಹಾಕಿದರೆ ನೋಡುವವರು ಮೊಬೈಲ್ ತೆಗೆಯುತ್ತಾರೆ.

ಜಿಮ್ ಬಾಡಿಯ ಹುಡುಗರನ್ನು ಹುಡುಕಬೇಡಿ. 'ಓಂ'ನಲ್ಲಿ ಭೂಗತ ಲೋಕದ ಕೆಲವರೇ ನಟಿಸಿದ್ದರು. (ನೀವು ಆ ಸಾಹಸಕ್ಕೆ ಹೋಗಬೇಡಿ ಮಾರಾಯ್ರೆ.) ನೋಡೋಕೆ ಪಕ್ಕದ ಬೀದಿಯವರ ಹಾಗಿರುವ ಮುಖವೇ ಜಾಸ್ತಿ ಭಯ ಹುಟ್ಟಿಸುತ್ತೆ. ಆಮೇಲೆ, ಕಥೆ ಮೈಸೂರಿನದು ಅಂದಮೇಲೆ ಬೆಂಗಳೂರಿನ ರೌಡಿಯೇ ಯಾಕೆ? ನಮ್ಮಲ್ಲಿ ಗರಡಿ ಮನೆಗಳಿವೆ, ದಸರಾ ಕುಸ್ತಿ ಇದೆ. ಉಸ್ತಾದರ ಮಾತು ಮೀರಿ ಹೊರಗೆ ಕೈ ಮಾಡಿದ ಹುಡುಗ, ರಾತ್ರಿ ನಲ್ಲಿ ಕೆಳಗೆ ಕೈ ಹಿಡಿದರೆ ಉಗುರಿನ ಸಂದಿಯಿಂದ ಗರಡಿಯ ಕೆಂಪು ಮಣ್ಣು ಇಳಿಯಬೇಕು. ಆ ಶಾಟ್ ಹತ್ತಿರದಿಂದ ತೆಗೆಯಿರಿ. ಡೈಲಾಗ್ ಬೇಡ.

ಇನ್ನು ಲಾಂಗು. ನಿಜವಾದದ್ದು ಬೇಡವೇ ಬೇಡ. ತೆಳು ಪ್ಲೈವುಡ್ ಕತ್ತರಿಸಿ, ಅಂಚನ್ನು ದುಂಡಗೆ ಉಜ್ಜಿ, ಬೆಳ್ಳಿ ಬಣ್ಣ ಹೊಡೆಯಿರಿ. ಕಬ್ಬಿಣದ ಸದ್ದನ್ನು ಡಬ್ಬಿಂಗ್‌ನಲ್ಲಿ ಸೇರಿಸಿದರಾಯಿತು. ನಕಲಿಯನ್ನೂ ಬೀದಿಯಲ್ಲಿ ಬೀಸಬೇಡಿ, ರೀಲ್ಸ್‌ಗೆ ಮಚ್ಚು ಹಿಡಿದವರ ಮೇಲೆ ಆರ್ಮ್ಸ್ ಆಕ್ಟ್ ಕೇಸ್ ಬಿದ್ದಿದೆ. ದೇವರಾಜ ಮಾರ್ಕೆಟ್‌ನಲ್ಲಿ ಶೂಟಿಂಗ್ ಅಂದರೆ ಪಾಲಿಕೆಯ ಅನುಮತಿ ಕೇಳಿ, ಹತ್ತಿರದ ಸ್ಟೇಷನ್‌ಗೂ ಮೊದಲೇ ಪತ್ರ ಕೊಡಿ. ಪತ್ರದ ಪ್ರತಿ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ.